ಮಾಸ್ಕಿಗೆ ನೀರು, ಕಾಲಿಗೆ ಸೆಳೆತ: ಹೊಸ ಡೈವರ್‌ಗಳಿಗೆ ದೋಷ ಹುಡುಕುವ ಕೈಪಿಡಿ

ಮುರ್ಡೇಶ್ವರದಿಂದ, ಸ್ಕೂಬಾ ಡೈವಿಂಗ್ ನಡೆಯುವ ನೇತ್ರಾಣಿ ದ್ವೀಪ ಸುಮಾರು 19 ಕಿಲೋಮೀಟರ್. ಅಷ್ಟು ದೂರ ಬೋಟಿನಲ್ಲಿ ಹೋಗಿ, ನೀರಿಗಿಳಿದ ಮೇಲೆ ಮಾಸ್ಕ್ ಸೋರಲು ಶುರುವಾದರೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಬೋಟಿನ ಟಬ್ಬಿನಲ್ಲಿ ಬೇರೆ ಅಳತೆಯ ಮಾಸ್ಕ್ ಇದ್ದರೆ ಪುಣ್ಯ. ಇಲ್ಲದಿದ್ದರೆ ಇಡೀ ಡೈವ್ ಕಣ್ಣು ಕಿವುಚಿಕೊಂಡೇ ಮುಗಿಯುತ್ತದೆ. ಹಾಗಾಗಿ ಮಾಸ್ಕ್, ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ಇವುಗಳ ದೋಷವನ್ನು ಸಮುದ್ರದಲ್ಲಿ ಹುಡುಕಬೇಡಿ. ಮನೆಯ ಬಚ್ಚಲಲ್ಲಿ, ಒಂದು ದೊಡ್ಡ ಬಕೆಟ್ ನೀರಿನಲ್ಲಿ, ಮುಕ್ಕಾಲು ಪಾಲು ದೋಷ ಸಿಕ್ಕಿಬಿಡುತ್ತದೆ. ಉಳಿದದ್ದು ಈಜುಕೊಳದಲ್ಲಿ ಸಿಗುತ್ತದೆ. ಶಿರಸಿ ಕಡೆಯವರು ತೋಟದ ಕೆರೆಯಲ್ಲಿ ನೋಡುತ್ತೇನೆ ಎಂದರೆ, ಸೊಂಟದ ಮಟ್ಟದ ನೀರಿನಲ್ಲಿ, ಜೊತೆಗೊಬ್ಬರನ್ನು ಇಟ್ಟುಕೊಂಡು ನೋಡಿ. ಹರಿಯುವ ಹೊಳೆ ಬೇಡವೇ ಬೇಡ.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸ್ಟ್ರಾಪ್ ಸಡಿಲ ಮಾಡಿ, ಮೀಸೆ ಟ್ರಿಮ್ ಮಾಡಿ, ಮಾಸ್ಕನ್ನೂ ಬದಲಿಸಿದರೆ ಸೋರುವುದು ನಿಲ್ಲಬಹುದು. ಆದರೆ ಯಾವುದರಿಂದ ನಿಂತಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ಸಲ ಅದೇ ತೊಂದರೆ ಬಂದರೆ ಮತ್ತೆ ಮೊದಲಿನಿಂದ ಶುರು.

"ಮಾಸ್ಕಿನೊಳಗೆ ನೀರು ಬರ್ತಿದೆ"

ಹೊಸಬರ ದೂರುಗಳಲ್ಲಿ ಇದೇ ಎಲ್ಲಕ್ಕಿಂತ ಮುಂದೆ. ಹೀಗೆ ದೂರುವವರಲ್ಲಿ ಬಹಳಷ್ಟು ಜನರ ಮಾಸ್ಕಿನಲ್ಲಿ ದೋಷವೇ ಇರುವುದಿಲ್ಲ. ಅವರು ಮೂಗಿನಿಂದ ಉಸಿರು ಬಿಡುತ್ತಿರುತ್ತಾರೆ. ಮೂಗಿನ ಗಾಳಿ ಮಾಸ್ಕಿನ ಅಂಚನ್ನು ಒಳಗಿನಿಂದ ಎತ್ತುತ್ತದೆ, ಗಾಳಿ ಹೊರಗೆ ಹೋಗುತ್ತದೆ, ಅದೇ ದಾರಿಯಲ್ಲಿ ನೀರು ಒಳಗೆ ಬರುತ್ತದೆ. ಇದನ್ನು ಪತ್ತೆ ಮಾಡುವುದು ಸುಲಭ. ಕೊಳದಲ್ಲಿ ಗೆಳೆಯನಿಗೆ ನಿಮ್ಮ ಮುಖವನ್ನೇ ನೋಡುತ್ತಿರಲು ಹೇಳಿ. ಮಾಸ್ಕಿನ ಅಂಚಿನಿಂದ ಗುಳ್ಳೆ ಏಳುತ್ತಿದ್ದರೆ ಅದು ಮೂಗಿನ ಉಸಿರು. ಗುಳ್ಳೆಯೇ ಇಲ್ಲದೆ ನೀರು ಬರುತ್ತಿದ್ದರೆ ಆಗ ಮಾಸ್ಕಿನ ಕಡೆ ನೋಡಬೇಕು.

ಮೂಗಿನ ಅಭ್ಯಾಸ ಬಿಡಿಸಲು ಬಕೆಟ್ಟೇ ಸಾಕು. ಮಾಸ್ಕ್ ಹಾಕದೆ, ಬಾಯಲ್ಲಿ ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಕಚ್ಚಿಕೊಂಡು ಮುಖವನ್ನು ನೀರಿನಲ್ಲಿ ಮುಳುಗಿಸಿ. ಬಾಯಿಂದಲೇ ಉಸಿರಾಡಿ. ಮೊದಲು ಮೂಗಿಗೆ ನೀರು ಹೋಗಿ ಕೆಮ್ಮು ಬರುತ್ತದೆ, ಸಿಟ್ಟೂ ಬರುತ್ತದೆ. ಆಮೇಲೆ ಮೂಗು ಸುಮ್ಮನಾಗುತ್ತದೆ. ಇದನ್ನು ಕಲಿತವರಿಗೆ ಮಾಸ್ಕ್ ಪೂರ್ತಿ ತುಂಬಿದರೂ ಗಾಬರಿ ಆಗುವುದಿಲ್ಲ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಬಾಯಲ್ಲಿ ಇರುವವರೆಗೂ ಉಸಿರಾಟಕ್ಕೆ ತೊಂದರೆ ಇಲ್ಲ, ಅಲ್ವಾ? ತಲೆಯನ್ನು ಸ್ವಲ್ಪ ಮೇಲಕ್ಕೆತ್ತಿ, ಮಾಸ್ಕಿನ ಮೇಲಂಚನ್ನು ಒತ್ತಿ ಹಿಡಿದು, ಮೂಗಿನಿಂದ ನಿಧಾನವಾಗಿ ಗಾಳಿ ಬಿಟ್ಟರೆ ನೀರು ಕೆಳಗಿನಿಂದ ಹೊರಗೆ ಹೋಗುತ್ತದೆ. ಉಸಿರು ಕಟ್ಟಿಕೊಂಡು ಮೇಲಕ್ಕೆ ನುಗ್ಗುವುದು ಮಾತ್ರ ನಿಜವಾದ ಅಪಾಯ. ಮೇಲೆ ಬಂದ ಹಾಗೆ ಶ್ವಾಸಕೋಶದೊಳಗಿನ ಗಾಳಿ ಹಿಗ್ಗುತ್ತದೆ. ಅದಕ್ಕೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಶ್ವಾಸಕೋಶಕ್ಕೇ ಗಾಯವಾಗುತ್ತದೆ.

ಮೂಗಿನ ತಪ್ಪಲ್ಲ ಎಂದಾದರೆ, ನೀರು ಎಲ್ಲಿಂದ ಬರುತ್ತಿದೆ ಎಂದು ಗಮನಿಸಿ. ಜಾಗವೇ ಕಾರಣ ಹೇಳುತ್ತದೆ.

ಹಣೆಯಿಂದ ಅಥವಾ ಕೆನ್ನೆಯ ಪಕ್ಕದಿಂದ ಬಂದರೆ ಮೊದಲು ಕೂದಲು ನೋಡಿ. ಕುಕ್ಕರಿನ ಗ್ಯಾಸ್ಕೆಟ್ ಕೆಳಗೆ ಒಂದು ಅಗುಳು ಸಿಕ್ಕಿಕೊಂಡರೂ ಆವಿ ಸೋರುವ ಹಾಗೆ, ಸಿಲಿಕೋನ್ ಸ್ಕರ್ಟಿನ (ಮಾಸ್ಕಿನ ಸುತ್ತ ಮುಖಕ್ಕೆ ಅಂಟಿ ಕೂರುವ ಮೆತ್ತನೆಯ ಅಂಚು) ಕೆಳಗೆ ನಾಲ್ಕು ಕೂದಲು ಇದ್ದರೂ ನೀರು ದಾರಿ ಮಾಡಿಕೊಳ್ಳುತ್ತದೆ. ಕೂದಲನ್ನು ಪೂರ್ತಿ ಹಿಂದಕ್ಕೆ ಕಟ್ಟಿ, ಬೆರಳನ್ನು ಸ್ಕರ್ಟಿನ ಅಂಚಿನ ಸುತ್ತ ಒಮ್ಮೆ ಓಡಿಸಿ. ಸ್ಕರ್ಟ್ ಎಲ್ಲಾದರೂ ಒಳಕ್ಕೆ ಮಡಚಿಕೊಂಡಿದ್ದರೆ ಆಗಲೇ ಕೈಗೆ ಸಿಗುತ್ತದೆ. ಇಲ್ಲಿನವರಿಗೆ ಒಂದು ವಿಶೇಷ ಸೂಚನೆ: ಡೈವ್ ದಿನ ಬೆಳಿಗ್ಗೆ ತಲೆಗೆ ತೆಂಗಿನೆಣ್ಣೆ ಹಚ್ಚಬೇಡಿ. ಬಿಸಿಲಿಗೆ ಅದು ಹಣೆಗಿಳಿಯುತ್ತದೆ, ಮಾಸ್ಕ್ ಜಾರುತ್ತದೆ, ಗಾಜಿಗೂ ಜಿಡ್ಡು ಹತ್ತುತ್ತದೆ. ಸನ್‌ಸ್ಕ್ರೀನ್ ಕತೆಯೂ ಅಷ್ಟೇ. ಕುತ್ತಿಗೆಗೆ, ಕೈಗೆ ಹಚ್ಚಿ, ಸ್ಕರ್ಟ್ ಕೂರುವ ಜಾಗ ಬಿಟ್ಟುಬಿಡಿ.

ಮೂಗಿನ ಕೆಳಗಿನಿಂದ ಬಂದರೆ ಮೀಸೆ. ಇಡೀ ಮೀಸೆ ತೆಗೆಯಬೇಕಿಲ್ಲ, ಹೆದರಬೇಡಿ. ಮೂಗಿಗೆ ಅಂಟಿಕೊಂಡ ಮೇಲಿನ ಸಾಲನ್ನು ಮೂರು ನಾಲ್ಕು ಮಿಲಿಮೀಟರಿನಷ್ಟು ಬೋಳಿಸಿದರೆ ಸ್ಕರ್ಟಿಗೆ ಕೂರಲು ಜಾಗ ಸಿಗುತ್ತದೆ. ಅದಕ್ಕೂ ಮನಸ್ಸಿಲ್ಲದವರು ಮೀಸೆಗೆ ಸಿಲಿಕೋನ್ ಗ್ರೀಸ್ ಹಚ್ಚುತ್ತಾರೆ. ವ್ಯಾಸಲೀನ್ ತರಹದ ಪೆಟ್ರೋಲಿಯಂ ಜೆಲ್ಲಿ ಬೇಡ, ಅದು ದಿನ ಕಳೆದಂತೆ ಸ್ಕರ್ಟನ್ನೇ ಹಾಳು ಮಾಡುತ್ತದೆ. ಮೂಗುತಿ ಇರುವವರಿಗೆ ಸಾಮಾನ್ಯವಾಗಿ ಸೋರುವ ತೊಂದರೆ ಬರುವುದಿಲ್ಲ. ಅದು ಮೂಗಿನ ಚೀಲದೊಳಗೇ ಉಳಿಯುತ್ತದೆ. ಆದರೆ ಕಿವಿಯ ಒತ್ತಡ ಸರಿ ಮಾಡಲು ಮೂಗು ಒತ್ತಿದಾಗ ಹರಳಿನ ಮೂಲೆ ಚುಚ್ಚುತ್ತದೆ. ಸಿಲಿಕೋನಿಗೂ ಗೀರು ಬೀಳಬಹುದು. ತೆಗೆದಿಡುವುದೇ ನೆಮ್ಮದಿ.

ಎಲ್ಲ ಕಡೆಯಿಂದಲೂ ಸ್ವಲ್ಪ ಸ್ವಲ್ಪ ಬರುತ್ತಿದ್ದರೆ ಸ್ಟ್ರಾಪ್ ನೋಡಿ. ಸಡಿಲವಿದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಅದು ಬಿಗಿ ಜಾಸ್ತಿಯಾಗಿರುತ್ತದೆ. ಸೋರಿತು ಎಂದು ಎಳೆಯುವುದು, ಎಳೆದಷ್ಟೂ ಸ್ಕರ್ಟ್ ಸೊಟ್ಟಗಾಗಿ ಅಂಚು ಮೇಲೇಳುವುದು, ಮತ್ತೆ ಸೋರುವುದು, ಮತ್ತೆ ಎಳೆಯುವುದು. ನೀರಿನೊಳಗೆ ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿಯುವುದು ನೀರಿನ ಒತ್ತಡ. ಸ್ಟ್ರಾಪ್ ಇರುವುದು ಮಾಸ್ಕ್ ಜಾರಿ ಬೀಳದಿರಲಿ ಎಂದು ಅಷ್ಟೇ. ತೆಗೆದ ಮೇಲೆ ಮುಖದಲ್ಲಿ ಆಳವಾದ ಕೆಂಪು ಗೆರೆ ಉಳಿದರೆ ಸ್ಟ್ರಾಪನ್ನು ಅದರ ಬಕಲಿನಲ್ಲಿ ಒಂದೆರಡು ಹಲ್ಲಿನಷ್ಟು ಸಡಿಲ ಮಾಡಿ. ಸ್ಟ್ರಾಪ್ ಕಿವಿಯ ಮೇಲಿನಿಂದ ಹೋಗಿ ತಲೆಯ ಹಿಂದಿನ ಉಬ್ಬಿನ ಮೇಲೆ ಕೂರಬೇಕು. ಕುತ್ತಿಗೆ ಕಡೆ ಜಾರಿದರೆ ಒಂದು ಕಡೆಯಿಂದ, ನೆತ್ತಿಗೆ ಹತ್ತಿದರೆ ಇನ್ನೊಂದು ಕಡೆಯಿಂದ ನೀರು ಬರುತ್ತದೆ.

ನಗು ಬಂದಾಗ ಮಾತ್ರ ನೀರು ಬಂದರೆ ಅದು ದೋಷವಲ್ಲ. ನಕ್ಕಾಗ ಕೆನ್ನೆಯಲ್ಲಿ ಗೆರೆ ಮೂಡುತ್ತದೆ, ಆ ಗೆರೆಯೇ ಕಾಲುವೆ. ಮೀನು ನೋಡಿ ನಗದೇ ಇರಿ ಎಂದು ಹೇಳಲು ಆಗುವುದಿಲ್ಲ. ನಕ್ಕು, ನೀರು ಹೊರಹಾಕಿ, ಮುಂದೆ ಹೋಗಿ.

ಇಷ್ಟೆಲ್ಲ ನೋಡಿದ ಮೇಲೂ ಒಂದೇ ಜಾಗದಿಂದ ಪ್ರತಿ ಸಲ ನೀರು ಬಂದರೆ ಆ ಮಾಸ್ಕ್ ನಿಮ್ಮ ಮುಖಕ್ಕೆ ಹೊಂದುವುದಿಲ್ಲ, ಅಥವಾ ಹರಿದಿದೆ. ಸ್ಕರ್ಟನ್ನು ಮೆತ್ತಗೆ ಎಳೆದು ಬೆಳಕಿಗೆ ಹಿಡಿಯಿರಿ. ಗಾಜು ಮತ್ತು ಚೌಕಟ್ಟು ಸೇರುವ ಜಾಗ ನೋಡಿ. ಮೂಗಿನ ಕೆಳಗೆ ಪರ್ಜ್ ವಾಲ್ವ್ (ನೀರು ಹೊರಗೆ ಮಾತ್ರ ಬಿಡುವ ಕವಾಟ) ಇರುವ ಮಾಸ್ಕ್ ಆದರೆ ಅದರಲ್ಲಿ ಮರಳಿನ ಕಣ ಕೂತಿದೆಯೇ ನೋಡಿ. ಒಂದು ಕಣ ಸಾಕು, ವಾಲ್ವ್ ಮುಚ್ಚುವುದಿಲ್ಲ.

ಅಂಗಡಿಯಲ್ಲಿ ಹೊಂದಾಣಿಕೆ ನೋಡುವ ಬಗೆ

ಎಲ್ಲರೂ ಮಾಡುವ ಪರೀಕ್ಷೆ ಒಂದಿದೆ. ಸ್ಟ್ರಾಪ್ ಹಾಕದೆ ಮಾಸ್ಕನ್ನು ಮುಖಕ್ಕಿಟ್ಟು, ಮೂಗಿನಿಂದ ಉಸಿರೆಳೆದು, ಕೈ ಬಿಡುವುದು. ಅಂಟಿಕೊಂಡರೆ ಪಾಸ್. ಇದರಲ್ಲಿ ಒಂದು ಮೋಸ ಇದೆ. ಜೋರಾಗಿ ಎಳೆದರೆ ಯಾವ ಮಾಸ್ಕಾದರೂ ಅಂಟಿಕೊಳ್ಳುತ್ತದೆ. ಸಮುದ್ರದಲ್ಲಿ ನೀವು ಯಾವಾಗಲೂ ಹಾಗೆ ಎಳೆಯುತ್ತಾ ಇರುವುದಿಲ್ಲವಲ್ಲ.

ಇದಕ್ಕಿಂತ ನಂಬಬಹುದಾದ ಕ್ರಮ ಹೀಗಿದೆ. ಮುಖವನ್ನು ಛಾವಣಿ ಕಡೆ ಎತ್ತಿ, ಮಾಸ್ಕನ್ನು ಸುಮ್ನೆ ಮುಖದ ಮೇಲಿಡಿ. ಒತ್ತಬೇಡಿ, ಉಸಿರೆಳೆಯಬೇಡಿ. ಜೊತೆಗಿರುವವರು ಸ್ಕರ್ಟಿನ ಸುತ್ತ ಎಲ್ಲಾದರೂ ಸಂದು ಕಾಣುತ್ತಿದೆಯೇ ನೋಡಲಿ. ಕಣ್ಣಿನ ಪಕ್ಕ ಮತ್ತು ಮೂಗಿನ ಕೆಳಗೆ ಜಾಸ್ತಿ ಗಮನ ಇರಲಿ. ಸಂದು ಇಲ್ಲ ಎಂದಾದರೆ ಆಗ ತುಂಬಾ ಮೆಲ್ಲಗೆ ಒಮ್ಮೆ ಉಸಿರೆಳೆದು ಹಾಗೇ ಹಿಡಿಯಿರಿ. ಮಾಸ್ಕ್ ನಿಲ್ಲಬೇಕು. ನಿಲ್ಲಿಸಲು ಮತ್ತೆ ಮತ್ತೆ ಎಳೆಯಬೇಕಾದರೆ ಗಾಳಿ ಎಲ್ಲಿಂದಲೋ ಬರುತ್ತಿದೆ ಎಂದರ್ಥ. ಇದಿಷ್ಟನ್ನೂ ಬಾಯಲ್ಲಿ ಸ್ನಾರ್ಕೆಲ್ ಕಚ್ಚಿಕೊಂಡು ಇನ್ನೊಮ್ಮೆ ಮಾಡಿ. ಬಾಯಲ್ಲಿ ಏನಾದರೂ ಇದ್ದಾಗ ತುಟಿ, ಕೆನ್ನೆಯ ಆಕಾರವೇ ಬದಲಾಗುತ್ತದೆ. ಅಂಗಡಿಯಲ್ಲಿ ಸರಿ ಇದ್ದು ನೀರಿನಲ್ಲಿ ಸೋರುವ ಮಾಸ್ಕುಗಳ ಗುಟ್ಟು ಹೆಚ್ಚಾಗಿ ಇದೇ.

ಆಮೇಲೆ ಎರಡು ಬೆರಳಿನಿಂದ ಮೂಗು ಒತ್ತಿ ನೋಡಿ. ಸುಲಭವಾಗಿ ಒತ್ತಲು ಆಗದಿದ್ದರೆ ಎಷ್ಟೇ ಚೆನ್ನಾಗಿ ಕೂತರೂ ಆ ಮಾಸ್ಕ್ ಬೇಡ. ಕೆಳಗಿಳಿಯುವಾಗ ಕಿವಿ ಬಿಡಿಸಿಕೊಳ್ಳುವುದು ಆ ಬೆರಳುಗಳಿಂದಲೇ. ಚೌಕಟ್ಟಿನ ಗಟ್ಟಿ ಭಾಗ ಹುಬ್ಬಿನ ನಡುವೆ ಅಥವಾ ಮೂಗಿನ ಬುಡಕ್ಕೆ ತಾಗಿದರೂ ಬೇಡ. ಅಂಗಡಿಯಲ್ಲಿ ಬರೀ ಸ್ಪರ್ಶ ಅನಿಸಿದ್ದು ಅರ್ಧ ಗಂಟೆಯಲ್ಲಿ ತಲೆನೋವಾಗುತ್ತದೆ. ಗಾಜಿನ ಮೇಲೆ ಟೆಂಪರ್ಡ್ (ಹದಗೊಳಿಸಿದ ಗಟ್ಟಿ ಗಾಜು) ಎಂದು ಬರೆದಿರಬೇಕು. ಬೀಚಿನ ಆಟಿಕೆ ಅಂಗಡಿಯ ಪ್ಲಾಸ್ಟಿಕ್ ಮಾಸ್ಕು, ಇಡೀ ಮುಖ ಮುಚ್ಚುವ ಸ್ನಾರ್ಕೆಲ್ ಮಾಸ್ಕು, ಈಜುವ ಗಾಗಲ್ ಇವು ಯಾವುವೂ ಸ್ಕೂಬಾಕ್ಕೆ ಆಗುವುದಿಲ್ಲ.

"ಮಂಜು ಕಟ್ತಿದೆ, ಏನೂ ಕಾಣ್ತಿಲ್ಲ"

ಹೊಚ್ಚ ಹೊಸ ಮಾಸ್ಕು ಮಂಜು ಕಟ್ಟಿದರೆ ಆಶ್ಚರ್ಯ ಬೇಡ. ಕಾರ್ಖಾನೆಯಿಂದ ಬರುವಾಗ ಗಾಜಿನ ಒಳಬದಿಯಲ್ಲಿ ಸಿಲಿಕೋನಿನ ತೆಳುವಾದ ಪೊರೆ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ನೀರಿನ ಹನಿ ಅದರ ಮೇಲೆ ಮುತ್ತಿನಂತೆ ನಿಲ್ಲುತ್ತದೆ. ಬಿಳಿ ಟೂತ್‌ಪೇಸ್ಟ್ ತೆಗೆದುಕೊಂಡು, ಜೆಲ್ ಅಲ್ಲ, ಬೆರಳಿನಿಂದ ಒಳಬದಿಯನ್ನು ಚೆನ್ನಾಗಿ ಉಜ್ಜಿ ತೊಳೆಯಿರಿ. ಒಂದು ಸಲಕ್ಕೆ ಹೋಗುವುದಿಲ್ಲ, ಮೂರು ನಾಲ್ಕು ಸಲ ಬೇಕು. ಲೈಟರಿನ ಜ್ವಾಲೆ ತೋರಿಸಿ ಪೊರೆ ಸುಡುವವರೂ ಇದ್ದಾರೆ. ಅದು ಟೆಂಪರ್ಡ್ ಗಾಜಿನ ಮೇಲೆ ಕೆಲಸ ಮಾಡುತ್ತದೆ ನಿಜ, ಆದರೆ ಜ್ವಾಲೆ ಒಂದಿಷ್ಟು ಪಕ್ಕಕ್ಕೆ ಹೋದರೆ ಸ್ಕರ್ಟ್ ಹೋಯಿತು. ಗಾಜಿಗೆ ಕೋಟಿಂಗ್ ಇದ್ದರೆ ಕೋಟಿಂಗೂ ಹೋಯಿತು. ನನ್ನ ಮತ ಟೂತ್‌ಪೇಸ್ಟಿಗೆ.

ಹಳೆಯ ಮಾಸ್ಕು ಹೊಸದಾಗಿ ಮಂಜು ಕಟ್ಟಲು ಶುರು ಮಾಡಿದರೆ ಜಿಡ್ಡು ಕಾರಣ. ಬೆರಳಿನ ಎಣ್ಣೆ, ಸನ್‌ಸ್ಕ್ರೀನ್, ಬೆವರು. ಪಾತ್ರೆ ತೊಳೆಯುವ ಸೋಪು ಸಾಕು. ಶುದ್ಧವಾದ ಮಾಸ್ಕೂ ಮಂಜು ಕಟ್ಟಿದರೆ ಮತ್ತೆ ಮೂಗಿಗೇ ಬನ್ನಿ: ಮೂಗಿನ ಬಿಸಿ, ತೇವದ ಗಾಳಿ ತಂಪು ಗಾಜಿಗೆ ತಾಗಿ ಹನಿಯಾಗುತ್ತಿದೆ.

ಪ್ರತಿ ಡೈವಿಗೆ ಮುಂಚೆ ಒಣ ಗಾಜಿಗೆ ಉಗುಳು ಹಚ್ಚಿ ಉಜ್ಜಿ, ಒಂದೇ ಸಲ ಅದ್ದಿ ತೆಗೆಯುವುದು ಹಳೆಯ ಪದ್ಧತಿ. ಕೆಲಸ ಮಾಡುತ್ತದೆ. ಆದರೆ ಹತ್ತು ಜನ ಉಗುಳಿದ ಮಾಸ್ಕುಗಳನ್ನು ಒಂದೇ ಬಕೆಟ್ಟಿನಲ್ಲಿ ಅದ್ದುವುದು ಮದ್ರಾಸ್ ಐ ಬರಲು ರಾಜಮಾರ್ಗ. ನೀರು ಬೆರೆಸಿದ ಬೇಬಿ ಶಾಂಪೂವನ್ನು ಸಣ್ಣ ಬಾಟಲಿಯಲ್ಲಿ ಇಟ್ಟುಕೊಳ್ಳಿ. ಕಣ್ಣಿಗೆ ಉರಿ ಇಲ್ಲ, ಯಾರ ಹಂಗೂ ಇಲ್ಲ. ಬೋಟಿನಲ್ಲಿ ಮಾಸ್ಕನ್ನು ಹಣೆಯ ಮೇಲೆ ಏರಿಸಿಕೊಂಡು ಕೂರಬೇಡಿ. ಬಿಸಿ ಹಣೆಯ ಬೆವರು ಗಾಜಿಗೆ ಹತ್ತುತ್ತದೆ, ಒಂದು ಅಲೆ ಬಡಿದರೆ ಮಾಸ್ಕೇ ಸಮುದ್ರ ಪಾಲು. ಕುತ್ತಿಗೆಗೆ ಇಳಿಸಿಕೊಳ್ಳಿ. ನೀರಿಗೆ ಹಾರುವಾಗಲೂ ಒಂದು ಅಂಗೈಯಿಂದ ಮಾಸ್ಕನ್ನೂ ರೆಗ್ಯುಲೇಟರನ್ನೂ ಒತ್ತಿ ಹಿಡಿಯಿರಿ.

ಒಂದು ಎಚ್ಚರಿಕೆ. ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ, ದೇವಬಾಗ ಮತ್ತು ಕೂರ್ಮಗಡದ ಆಸುಪಾಸಿನಲ್ಲಿ ನೀರೇ ಮಬ್ಬಾಗಿರುವ ದಿನಗಳು ಬಹಳ. ಅಲ್ಲಿ ಸ್ನಾರ್ಕೆಲ್ ಮಾಡಿ ಮಾಸ್ಕ್ ಮಂಜು ಕಟ್ಟಿತು ಎಂದು ಬೈಯುವ ಮೊದಲು ನಿಮ್ಮ ಕೈಯನ್ನು ಗಾಜಿನ ಹತ್ತಿರ ತಂದು ನೋಡಿ. ಕೈಯ ಗೆರೆ ಸ್ಪಷ್ಟವಾಗಿ ಕಂಡರೆ ಮಬ್ಬು ಇರುವುದು ಗಾಜಿನ ಆಚೆ.

"ಕಣ್ಣು ಕೆಂಪಾಗಿದೆ, ಮುಖ ಹಿಂಡಿದ ಹಾಗಾಯ್ತು"

ಇದು ಅಳತೆಯ ದೋಷವಲ್ಲ, ಗಾಳಿಯ ಲೆಕ್ಕ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟು. ಮಾಸ್ಕಿನೊಳಗಿನ ಗಾಳಿ ಅರ್ಧಕ್ಕೆ ಕುಗ್ಗಲು ನೋಡುತ್ತದೆ, ಆ ಖಾಲಿ ಜಾಗ ತುಂಬಲು ಕಣ್ಣು, ಕೆನ್ನೆಯ ಚರ್ಮವನ್ನೇ ಎಳೆದುಕೊಳ್ಳುತ್ತದೆ. ಇಳಿಯುವಾಗ ಆಗಾಗ ಮೂಗಿನಿಂದ ಚೂರು ಗಾಳಿಯನ್ನು ಮಾಸ್ಕಿನೊಳಗೆ ಬಿಟ್ಟರೆ ಸರಿಹೋಗುತ್ತದೆ. ಈ ಮೊದಲು ಮೂಗಿನಿಂದ ಉಸಿರು ಬಿಡಬೇಡಿ ಎಂದದ್ದು ಉದ್ದಕ್ಕೂ ಬಿಡುವ ಅಭ್ಯಾಸದ ಬಗ್ಗೆ. ಇದು ಬೇಕೆಂದೇ ಬಿಡುವ ಸಣ್ಣ ಉಸಿರು. ಗಾಗಲ್ ಯಾಕೆ ಆಗುವುದಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ, ಅದರೊಳಗೆ ಮೂಗು ಇಲ್ಲ. ಒಳಗೆ ಜಾಗ ಕಡಿಮೆ ಇರುವ ಮಾಸ್ಕು ಹೊಸಬರಿಗೆ ಒಳ್ಳೆಯದು, ಗಾಳಿಯೂ ಕಡಿಮೆ ಸಾಕು, ನೀರು ತುಂಬಿದರೆ ಹೊರಹಾಕುವುದೂ ಬೇಗ. ಡೈವ್ ಮುಗಿದ ಮೇಲೆ ಕಣ್ಣಿನ ಬಿಳಿ ಭಾಗದಲ್ಲಿ ರಕ್ತದ ಕಲೆ ಕಂಡರೆ ನೋಡಲು ಭಯಂಕರ, ಸಾಮಾನ್ಯವಾಗಿ ತಾನಾಗಿ ವಾಸಿಯಾಗುತ್ತದೆ. ನೋವು ಇದ್ದರೆ ಅಥವಾ ದೃಷ್ಟಿ ಮಸುಕಾದರೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.

ಕನ್ನಡಕದವರು

ಕನ್ನಡಕದ ಮೇಲೆ ಮಾಸ್ಕ್ ಹಾಕಲು ಆಗುವುದಿಲ್ಲ, ಅದರ ಕಡ್ಡಿ ಸ್ಕರ್ಟನ್ನು ಎತ್ತುತ್ತದೆ. ನೀರಿನಲ್ಲಿ ಚಪ್ಪಟೆ ಗಾಜಿನ ಮೂಲಕ ನೋಡಿದಾಗ ವಸ್ತುಗಳು ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತವೆ. 4 ಮೀಟರ್ ದೂರದ ಮೀನು 3 ಮೀಟರಿನಲ್ಲಿ ಇದ್ದಂತೆ ಅನಿಸುತ್ತದೆ. ಹಾಗಾಗಿ ಸಣ್ಣ ಪವರಿನವರು ಏನೂ ಇಲ್ಲದೆ ಸಂಭಾಳಿಸುತ್ತಾರೆ. ಜಾಸ್ತಿ ಇದ್ದರೆ ಎರಡು ಬೇರೆ ಬೇರೆ ಗಾಜು ಇರುವ ಮಾಸ್ಕ್ ಕೊಳ್ಳಿ, ಅದಕ್ಕೆ ಪವರ್ ಗಾಜು ಕೂರಿಸಬಹುದು. ಅವು ಅರ್ಧ ಅರ್ಧ ಡಯಾಪ್ಟರಿನ (ಕನ್ನಡಕದ ಪವರಿನ ಅಳತೆ) ಹಂತದಲ್ಲಿ ಸಿಗುತ್ತವೆ. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹಾಕಿಯೂ ಡೈವ್ ಮಾಡಬಹುದು. ಮಾಸ್ಕಿಗೆ ನೀರು ಬಂದಾಗ ಕಣ್ಣು ಮುಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಲೆನ್ಸ್ ತೇಲಿ ಹೋಗುತ್ತದೆ.

ಈಗ ಫಿನ್: "ಮೀನಖಂಡ ಹಿಡ್ಕೊಳ್ತು"

ಮೊದಲು ಆ ಕ್ಷಣದ ಉಪಾಯ. ಕಾಲು ಬಡಿಯುವುದನ್ನು ನಿಲ್ಲಿಸಿ, ಜೊತೆಗಾರನಿಗೆ ಸನ್ನೆ ಮಾಡಿ. ಮಂಡಿ ನೇರ ಮಾಡಿ, ಫಿನ್ನಿನ ತುದಿ ಹಿಡಿದು ನಿಮ್ಮ ಕಡೆಗೆ ಎಳೆಯಿರಿ. ಮೀನಖಂಡ ಹಿಗ್ಗಿ ಸೆಳೆತ ಬಿಡುತ್ತದೆ.

ಕಾರಣ ಹುಡುಕುವಾಗ ಮೊದಲು ಫಿನ್ನನ್ನು ಬೈಯಬೇಡಿ. ಬೆಳಿಗ್ಗೆಯಿಂದ ಬಿಸಿಲಲ್ಲಿ ಕೂತು, ಬೋಟಿನಲ್ಲಿ ವಾಂತಿ ಆಗಬಾರದೆಂದು ನೀರನ್ನೂ ಕುಡಿಯದೆ ಇದ್ದವರಿಗೆ ಯಾವ ಫಿನ್ ಹಾಕಿದರೂ ಸೆಳೆತ ಬರಬಹುದು. ಉಪ್ಪು ಹಾಕಿದ ಮುರುಗಲ ಪಾನಕ ಒಂದು ಬಾಟಲಿ ಜೊತೆಗಿರಲಿ. ಎರಡನೆಯದು ಕಾಲು ಬಡಿಯುವ ರೀತಿ. ಸೈಕಲ್ ತುಳಿದ ಹಾಗೆ ಮಂಡಿ ಮಡಚಿದರೆ ದೇಹ ಮುಂದೆ ಹೋಗುವುದಿಲ್ಲ, ದಣಿವು ಮಾತ್ರ. ಸೊಂಟದಿಂದ ಬಡಿಯಬೇಕು, ಮಂಡಿ ಸ್ವಲ್ಪ ಮಾತ್ರ ಬಾಗಬೇಕು, ಹಿಮ್ಮಡಿಯ ಗಂಟು ಸಡಿಲ ಇರಬೇಕು. ಇವೆರಡೂ ಸರಿ ಇದ್ದರೆ ಫಿನ್ನಿನ ಬ್ಲೇಡ್ (ಪಾದದ ಮುಂದಿನ ಚಪ್ಪಟೆ ಭಾಗ) ನಿಮ್ಮ ಕಾಲಿಗೆ ಗಟ್ಟಿ ಜಾಸ್ತಿ. ಫೋಟೋದಲ್ಲಿ ಚೆನ್ನಾಗಿ ಕಾಣುವ ಉದ್ದುದ್ದದ ಫ್ರೀಡೈವಿಂಗ್ (ಉಸಿರು ಹಿಡಿದು ಮುಳುಗುವ) ಫಿನ್ ಹೊಸಬರಿಗಲ್ಲ. ಅವು ಹವಳಕ್ಕೂ ತಾಗುತ್ತವೆ, ಪಕ್ಕದವರ ಮಾಸ್ಕಿಗೂ ತಾಗುತ್ತವೆ. ಕಾಲ್ಬೆರಳು, ಪಾದದ ಅಡಿ ಹಿಡಿದುಕೊಂಡರೆ ಮಾತ್ರ ಕಾರಣ ಬೇರೆ: ಫಿನ್ ಚಿಕ್ಕದಾಗಿದೆ, ಅಥವಾ ಸಡಿಲ ಇದ್ದು ಬೀಳದಿರಲಿ ಎಂದು ನೀವೇ ಬೆರಳು ಮಡಚಿ ಹಿಡಿದಿದ್ದೀರಿ.

ಉಳಿದ ದೂರುಗಳು ಬೇಗ ಮುಗಿಯುತ್ತವೆ. ಹಿಮ್ಮಡಿ ಎದ್ದು ಎದ್ದು ಬೊಬ್ಬೆ ಬಂದರೆ ಫಿನ್ ದೊಡ್ಡದು. ಎರಡು ಮಿಲಿಮೀಟರಿನ ನಿಯೋಪ್ರಿನ್ (ಮೆತ್ತನೆಯ ರಬ್ಬರ್) ಸಾಕ್ಸ್ ಹಾಕಿದರೆ ಅರ್ಧ ಅಳತೆಯ ವ್ಯತ್ಯಾಸ ಮುಚ್ಚಿಹೋಗುತ್ತದೆ. ಒಂದೇ ಕಡೆಗೆ ತಿರುಗಿ ಹೋಗುತ್ತಿದ್ದರೆ ಎರಡು ಫಿನ್ನನ್ನೂ ಪಕ್ಕದಲ್ಲಿಟ್ಟು ಬಾಗಿಸಿ ನೋಡಿ. ಬಾಡಿಗೆ ಟಬ್ಬಿನಿಂದ ತೆಗೆದ ಜೋಡಿಯಲ್ಲಿ ಒಂದು ಮೀಡಿಯಂ, ಒಂದು ಲಾರ್ಜ್ ಇರುವುದು ಅಪರೂಪವೇನಲ್ಲ. ಕಾಲು ಕೆಳಗೆ ಜಗ್ಗಿ ಮರಳು ಎಬ್ಬಿಸುತ್ತಿದ್ದರೆ ಫಿನ್ ಭಾರವಿರಬಹುದು. ಭಾರದ ರಬ್ಬರ್ ಫಿನ್ ತಣ್ಣೀರಿನವರು ದಪ್ಪ ಸೂಟಿನ ಜೊತೆ ಇಷ್ಟಪಡುತ್ತಾರೆ. ನಮ್ಮ ಕಡಲಿನ ಬೆಚ್ಚನೆ ನೀರಿಗೆ ತೆಳು ಸೂಟ್ ಸಾಕು, ಕಾಲನ್ನು ಕೆಳಗೆ ಎಳೆಯುವ ಅಗತ್ಯ ಇಲ್ಲ. ಅಂದ ಹಾಗೆ ಕೊಳದಲ್ಲಿ ಸರಿ ಇದ್ದ ಕಾಲು ಸಮುದ್ರದಲ್ಲಿ ತುಸು ಮೇಲೇಳಬಹುದು. ಉಪ್ಪುನೀರು ಜಾಸ್ತಿ ತೇಲಿಸುತ್ತದೆ.

ಯಾವ ಫಿನ್ ಕೊಳ್ಳಬೇಕು ಎಂದರೆ, ಬೋಟಿನಿಂದಲೇ ಇಳಿದು ಬೋಟಿಗೇ ಹತ್ತುವ ನೇತ್ರಾಣಿಯ ಡೈವಿಗೆ ಬರಿಗಾಲಿಗೆ ಹಾಕುವ ಫುಲ್ ಫೂಟ್ ಫಿನ್ ಹಗುರ, ಬ್ಯಾಗಿಗೂ ಸಲೀಸು. ಬಂಡೆಯ ದಡದಿಂದ ನಡೆದು ನೀರಿಗಿಳಿಯುವವರಿಗೆ ಬೂಟಿ (ನೀರಿನಲ್ಲಿ ಹಾಕುವ ಮೆತ್ತನೆಯ ಬೂಟು) ಹಾಕಿಕೊಳ್ಳುವ, ಹಿಮ್ಮಡಿ ಕಡೆ ತೆರೆದ ಓಪನ್ ಹೀಲ್ ಫಿನ್ ಬೇಕು. ಬಂಡೆಗೆ ಅಂಟಿದ ಚಿಪ್ಪುಗಳು ಬರಿಗಾಲನ್ನು ಕೊಯ್ದುಹಾಕುತ್ತವೆ. ಓಪನ್ ಹೀಲ್ ಕೊಳ್ಳುವಾಗ ಬೂಟಿ ಹಾಕಿಕೊಂಡೇ ಅಳತೆ ನೋಡಿ. ಫುಲ್ ಫೂಟ್ ಫಿನ್ನುಗಳ ಮೇಲೆ ಸಾಮಾನ್ಯವಾಗಿ ಯುರೋಪಿನ ಅಳತೆ ಇರುತ್ತದೆ, ನಮ್ಮ 8 ನಂಬರಿನ ಚಪ್ಪಲಿಯವರಿಗೆ ಅದು 42ರ ಆಸುಪಾಸು. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ ಹಾಕಿ ನೋಡಿ. ಬೆರಳು ಆಡಿಸಲು ಬರಬೇಕು, ಕಾಲು ಕೊಡವಿದರೆ ಹಿಮ್ಮಡಿ ಏಳಬಾರದು.

ಆದರೆ ವರ್ಷಕ್ಕೆ ಒಮ್ಮೆ ಬರುವವರು ಫಿನ್ ಕೊಳ್ಳಬೇಡಿ. ಮಾಸ್ಕ್ ಮಾತ್ರ ಸ್ವಂತದ್ದು ಇರಲಿ. ಫಿನ್ ಸರಿ ಇಲ್ಲದಿದ್ದರೆ ದಣಿವಾಗುತ್ತದೆ, ಮಾಸ್ಕ್ ಸರಿ ಇಲ್ಲದಿದ್ದರೆ ಡೈವೇ ಇಲ್ಲ. ಮೊದಲ ಬಾರಿ ಬರೀ ಅನುಭವಕ್ಕೆ ಇಳಿಯುವವರಿಗೆ ಅದೂ ಬೇಡ. ಟಬ್ಬಿನಿಂದ ಎರಡು ಮೂರು ಮಾಸ್ಕ್ ತೆಗೆದು, ಛಾವಣಿ ನೋಡುವ ಪರೀಕ್ಷೆಯನ್ನು ದಡದಲ್ಲೇ ಮಾಡಿ. ಕೇಳಲು ಸಂಕೋಚ ಬೇಡ.

ಮಳೆಗಾಲ ಹುಟ್ಟಿಸುವ ದೋಷಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಡೈವಿಂಗ್ ಇಲ್ಲ. ಅಕ್ಟೋಬರಿನಲ್ಲಿ ಚೀಲ ಬಿಚ್ಚಿದಾಗ ಸ್ಕರ್ಟಿನ ಮೇಲೆ ಕಪ್ಪು ಚುಕ್ಕೆ ಕಂಡರೆ ಅದು ಬೂಷ್ಟು. ಸೋಪುನೀರಿನಲ್ಲಿ ನೆನೆಸಿ, ಹಳೆಯ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ. ಸಿಲಿಕೋನಿನೊಳಗೆ ಇಳಿದ ಕಲೆ ಹೋಗುವುದಿಲ್ಲ, ಆದರೆ ಅದರಿಂದ ಸೋರುವುದೂ ಇಲ್ಲ. ಮೇ ತಿಂಗಳ ಕೊನೆಯ ಡೈವ್ ಆದ ಮೇಲೆ ಸಿಹಿನೀರಿನಲ್ಲಿ ನೆನೆಸಿ ಉಪ್ಪು ತೆಗೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ಈ ಕೆಲಸವೇ ಇರುವುದಿಲ್ಲ. ಘಟ್ಟದ ಮೇಲಿನವರು ಅಟ್ಟದಲ್ಲಿ ಇಡುವುದಾದರೆ ಇಲಿ ಹೊಗದ ಗಟ್ಟಿ ಡಬ್ಬಿಯೇ ಆಗಬೇಕು.

ಪಾರದರ್ಶಕ ಸ್ಕರ್ಟಿನ ಮಾಸ್ಕನ್ನು ಕಪ್ಪು ರಬ್ಬರ್ ಫಿನ್ನಿಗೆ ತಾಗಿಸಿ ಇಟ್ಟರೆ ಕಂದು ಕಲೆ ಹತ್ತುತ್ತದೆ. ಫಿನ್ನನ್ನು ಗೋಡೆಗೆ ಒರಗಿಸಿ ಬ್ಲೇಡಿನ ತುದಿಯ ಮೇಲೆ ನಿಲ್ಲಿಸಿದರೆ ನಾಲ್ಕು ತಿಂಗಳಲ್ಲಿ ಬ್ಲೇಡ್ ಬಾಗಿ ಹಾಗೇ ಉಳಿಯುತ್ತದೆ. ಮಲಗಿಸಿ ಇಡಿ, ಹೊಸದಾಗಿ ತಂದಾಗ ಪಾದದ ಜಾಗದಲ್ಲಿದ್ದ ಪ್ಲಾಸ್ಟಿಕ್ ಅಚ್ಚನ್ನು ಎಸೆಯದೆ ಮತ್ತೆ ಅಲ್ಲೇ ತೂರಿಸಿ. ಸ್ಕರ್ಟ್ ಹಳದಿಯಾಗಿದ್ದರೂ ಮೆತ್ತಗಿದ್ದರೆ ಬಳಸಬಹುದು. ಸ್ಟ್ರಾಪ್ ಎಳೆದಾಗ ಸಣ್ಣ ಬಿರುಕು ಕಂಡರೆ ಸ್ಟ್ರಾಪ್ ಒಂದನ್ನೇ ಬದಲಿಸಿ, ಅದು ಬಿಡಿಯಾಗಿ ಸಿಗುತ್ತದೆ.